ಕತೆ ಬರೆದದ್ದು ಕಾಯಿಲೆಯಲ್ಲ ಸ್ವಾಮೀ, ಮೊಪಾಸಾ!

ಮೊಪಾಸಾನ ಹೆಸರು ಎತ್ತಿ ನೋಡಿ. ಎದುರಿಗಿರುವವರು ಸ್ವಲ್ಪ ಓದಿಕೊಂಡವರಾಗಿದ್ದರೆ ಬರುವ ಮೊದಲ ಮಾತೇ ಇದು: "ಓ, ಕೊನೆಗೆ ಹುಚ್ಚು ಹಿಡಿದು ಸತ್ತನಲ್ಲ, ಅವನಾ?"

ಹೋದ ಭಾನುವಾರ ಗೆಳೆಯನೊಬ್ಬನ ಮನೆಯಲ್ಲೂ ಹೀಗೇ ಆಯ್ತು. ನಾನು ಪಾಪ 'ನೆಕ್ಲೇಸ್' ಕತೆಯ ವಿಷಯ ತೆಗೆದಿದ್ದೆ. ಅವನು ಅದನ್ನು ಅಲ್ಲೇ ಬಿಟ್ಟು, "ಅವನಿಗೆ ಸಿಫಿಲಿಸ್ ಇತ್ತು ಕಣೋ, ತಲೆಗೇರಿತ್ತು. 'ಹೊರ್ಲಾ' ಓದು. ಅದು ಕತೆ ಅಲ್ಲ, ಅವನ ಕೇಸ್ ಶೀಟು" ಅಂದ. ಅಲ್ಲಿಂದ ಶುರುವಾದ ಜಗಳ ಕಾಫಿ ಆರಿ ತಣ್ಣಗಾದರೂ ಮುಗಿಯಲಿಲ್ಲ. ಕೊನೆಗೆ ಅವನ ಹೆಂಡತಿ ಬಂದು, "ಅವರು ಸತ್ತು ನೂರು ವರ್ಷದ ಮೇಲಾಯ್ತಂತೆ, ಇನ್ನೂ ಬಿಡಲ್ವಾ ನೀವಿಬ್ರೂ?" ಅಂತ ಲೋಟ ಎತ್ತಿಕೊಂಡು ಹೋದರು.

ಮನೆಗೆ ಬಂದ ಮೇಲೂ ಬಿಡಲು ಆಗಲಿಲ್ಲ. ಅದಕ್ಕೇ ಈ ಬರಹ. ಸ್ವಲ್ಪ ಉದ್ದ ಆಗಿದೆ, ಸಹಿಸಿಕೊಳ್ಳಿ :-)

ಮೊದಲೇ ಹೇಳಿಬಿಡುತ್ತೇನೆ. ಬರಹಗಾರನ ಬದುಕಿಗೂ ಬರಹಕ್ಕೂ ಸಂಬಂಧ ಇಲ್ಲ ಅನ್ನುವ ವಾದ ನನ್ನದಲ್ಲ. ಮೊಪಾಸಾನ ವಿಷಯದಲ್ಲಂತೂ ಅದು ಶುದ್ಧ ಸುಳ್ಳಾಗುತ್ತೆ. ಅವನ ಕತೆಗಳು ಅವನ ಬದುಕಿನಿಂದಲೇ ಬಂದವು. ನನ್ನ ತಕರಾರು ಬೇರೆ. ನಲವತ್ತೆರಡು ವರ್ಷ ಚಿಲ್ಲರೆ ಬದುಕಿದವನ ಬದುಕಿನಲ್ಲಿ ಕೊನೆಯ ಒಂದೂವರೆ ವರ್ಷವನ್ನು ಮಾತ್ರ ಎತ್ತಿಕೊಂಡು, ಉಳಿದ ನಲವತ್ತೊಂದನ್ನು ಕಸದ ಬುಟ್ಟಿಗೆ ಹಾಕುತ್ತೀವಲ್ಲ, ಅದು ಯಾವ ನ್ಯಾಯ?

ಎದುರು ಪಾರ್ಟಿಯ ಸಾಕ್ಷಿಗಳನ್ನು ನಾನೇ ಮುಂದಿಡುತ್ತೇನೆ, ಮುಚ್ಚಿಟ್ಟೆ ಅನ್ನಬಾರದು. ಗೀ ದ ಮೊಪಾಸಾ ಹುಟ್ಟಿದ್ದು ೧೮೫೦ರ ಆಗಸ್ಟ್ ೫ರಂದು, ಫ್ರಾನ್ಸಿನ ನಾರ್ಮಂಡಿಯಲ್ಲಿ. ಸಿಫಿಲಿಸ್ ಇದೆ ಅಂತ ೧೮೭೭ರ ಹೊತ್ತಿಗೆ ಅವನಿಗೆ ಗೊತ್ತಿತ್ತು. ಪೆನಿಸಿಲಿನ್ ಇಲ್ಲದ ಕಾಲ. ಪಾದರಸದ ಮದ್ದು ತಿಂದು ಸುಮ್ಮನಿರಬೇಕಿತ್ತು ಅಷ್ಟೆ. ಕಣ್ಣಿನ ತೊಂದರೆ, ಬಿಡದ ತಲೆನೋವು. ತಮ್ಮ ಎರ್ವೆ ಮನೋರೋಗದ ಆಸ್ಪತ್ರೆ ಸೇರಿ ೧೮೮೯ರಲ್ಲಿ ತೀರಿಕೊಂಡ. ೧೮೯೨ರ ಜನವರಿ ಮೊದಲ ದಿನಗಳಲ್ಲಿ, ಕಾನ್ ಪಟ್ಟಣದಲ್ಲಿ, ಮೊಪಾಸಾ ತನ್ನ ಕತ್ತನ್ನೇ ಕುಯ್ದುಕೊಂಡ. ಬದುಕಿಕೊಂಡ. ಪ್ಯಾರಿಸ್ಸಿನ ಪಾಸಿಯಲ್ಲಿದ್ದ ಡಾಕ್ಟರ್ ಬ್ಲಾಂಶ್ ಅವರ ಆಸ್ಪತ್ರೆಗೆ ಸೇರಿಸಿದರು. ಅಲ್ಲಿಂದ ಹೊರಗೆ ಬರಲಿಲ್ಲ. ೧೮೯೩ರ ಜುಲೈ ೬ರಂದು ಸತ್ತ.

ಇಷ್ಟೂ ನಿಜ. ಓದಿದರೆ ಹೊಟ್ಟೆಯಲ್ಲಿ ಏನೋ ಆಗುತ್ತೆ. ಇದರ ಪಕ್ಕದಲ್ಲಿ 'ಹೊರ್ಲಾ' ಇಟ್ಟು ನೋಡಿ. ಕಣ್ಣಿಗೆ ಕಾಣದ ಜೀವಿಯೊಂದು ಮನೆಯೊಳಗೆ ಸೇರಿಕೊಂಡಿದೆ ಅಂತ ನಂಬುವ ಒಬ್ಬ ಮನುಷ್ಯ. ರಾತ್ರಿ ಅವನ ಹಾಸಿಗೆ ಪಕ್ಕದ ನೀರನ್ನು ಯಾರೋ ಕುಡಿಯುತ್ತಾರೆ. ಕನ್ನಡಿ ಮುಂದೆ ನಿಂತರೆ ಅವನ ಬಿಂಬವೇ ಇಲ್ಲ, ನಡುವೆ ಏನೋ ಅಡ್ಡ ನಿಂತಿದೆ. ಬರೆದವನು ಮುಂದೆ ಆಸ್ಪತ್ರೆ ಸೇರಿದ ಅಂತ ಗೊತ್ತಾದ ಮೇಲೆ ಎರಡನ್ನೂ ಕೂಡಿಸಿ ಉತ್ತರ ಬರೆಯೋದು ಎಷ್ಟು ಸುಲಭ!

ಸುಲಭ ಅನ್ನೋದೇ ತೊಂದರೆ. ಕೂಡುವ ಮುಂಚೆ ತಾರೀಖು ನೋಡಬೇಕಲ್ವಾ?

೧೮೮೫ರ ಫೆಬ್ರವರಿಯಲ್ಲಿ 'ಜಿಲ್ ಬ್ಲಾ' ಅನ್ನೋ ಪತ್ರಿಕೆಯಲ್ಲಿ ಮೊಪಾಸಾ ಒಂದು ಕತೆ ಬರೆದ. ಹುಚ್ಚನೊಬ್ಬ ಡಾಕ್ಟರಿಗೆ ಬರೆದ ಕಾಗದದ ರೂಪದ್ದು. ಕನ್ನಡಿಯಲ್ಲಿ ಬಿಂಬ ಮಾಯವಾಗುವ ಪ್ರಸಂಗ ಅದರಲ್ಲೇ ಇದೆ. ಮುಂದಿನ ವರ್ಷ, ೧೮೮೬ರ ಅಕ್ಟೋಬರಿನಲ್ಲಿ, ಅದೇ ಪತ್ರಿಕೆಗೆ ಅದೇ ವಸ್ತುವನ್ನು ಹಿಗ್ಗಿಸಿ 'ಹೊರ್ಲಾ' ಅಂತ ಹೆಸರಿಟ್ಟು ಕೊಟ್ಟ. ಇದರಲ್ಲಿ ಒಬ್ಬ ಡಾಕ್ಟರು ತನ್ನ ರೋಗಿಯನ್ನು ಬೇರೆ ಡಾಕ್ಟರುಗಳ, ವಿದ್ವಾಂಸರ ಎದುರು ಕೂರಿಸಿ ಕತೆ ಹೇಳಿಸುತ್ತಾನೆ. ಅದೂ ಅವನಿಗೆ ಸಮಾಧಾನ ತರಲಿಲ್ಲ ಅಂತ ಕಾಣುತ್ತೆ. ೧೮೮೭ರಲ್ಲಿ ಪುಸ್ತಕ ಬಂದಾಗ ಮತ್ತೆ ಬರೆದಿದ್ದ. ಡಾಕ್ಟರನ್ನು ಕಿತ್ತು ಹಾಕಿದ, ಕೇಳುಗರನ್ನು ಓಡಿಸಿದ, ಇಡೀ ಕತೆಯನ್ನು ದಿನಚರಿ ಮಾಡಿದ. ಮೇ ೮ರಿಂದ ಸೆಪ್ಟೆಂಬರ್ ೧೦ರವರೆಗಿನ ಪುಟಗಳು. ಓದುವವನಿಗೆ ಆಸರೆಗೆ ಅಂತ ಇದ್ದ ಡಾಕ್ಟರೂ ಈಗಿಲ್ಲ. ಹೇಳುವವನು ಹುಚ್ಚನೋ ಅಲ್ಲವೋ ಅಂತ ತೀರ್ಮಾನ ಕೊಡೋಕೆ ಯಾರೂ ಇಲ್ಲ.

ಮೂರು ವರ್ಷ, ಮೂರು ಆವೃತ್ತಿ! ಪ್ರತಿ ಸಲವೂ ಹಿಂದಿನದರಲ್ಲಿ ಏನು ಕೆಲಸ ಮಾಡಲಿಲ್ಲ ಅಂತ ನೋಡಿ ಬದಲಾಯಿಸಿದ್ದಾನೆ. ಇದಕ್ಕೆ ಹುಚ್ಚು ಅಂತೀರಾ? ನಾನು ಸಾಫ್ಟ್‌ವೇರ್ ಕೆಲಸದವನು, ನಮ್ಮಲ್ಲಿ ಇದಕ್ಕೆ ರೀರೈಟ್ ಅಂತೀವಿ. ತಲೆ ನೆಟ್ಟಗಿದ್ದವರೂ ಇಷ್ಟು ಚೆನ್ನಾಗಿ ಮಾಡೋದು ಅಪರೂಪ.

ಇನ್ನೊಂದು ವಿಷಯ. ಆಗಿನ ಪ್ಯಾರಿಸ್ಸಿನಲ್ಲಿ ಹುಚ್ಚು, ಉನ್ಮಾದ, ಹಿಪ್ನಾಟಿಸಂ ಎಲ್ಲರ ಬಾಯಲ್ಲೂ ಇದ್ದ ಸಂಗತಿಗಳು. ಸಾಲ್ಪೆತ್ರಿಯೇರ್ ಆಸ್ಪತ್ರೆಯಲ್ಲಿ ಡಾಕ್ಟರ್ ಶಾರ್ಕೊ ರೋಗಿಗಳನ್ನು ಎದುರಿಗಿಟ್ಟುಕೊಂಡು ಮಾಡುತ್ತಿದ್ದ ಭಾಷಣ ಕೇಳೋಕೆ ಊರಿನ ದೊಡ್ಡವರೆಲ್ಲ ಹೋಗುತ್ತಿದ್ದರು. ಮೊಪಾಸಾನೂ ಹೋಗಿದ್ದ. 'ಹೊರ್ಲಾ'ದ ದಿನಚರಿ ರೂಪದಲ್ಲಿ ಒಬ್ಬ ಡಾಕ್ಟರು ಊಟದ ನಂತರ ಹೆಂಗಸೊಬ್ಬಳನ್ನು ಹಿಪ್ನಟೈಸ್ ಮಾಡುವ ಪ್ರಸಂಗ ಇದೆಯಲ್ಲ, ಅದು ಅಲ್ಲಿಂದ ಬಂದದ್ದು. ಪತ್ರಿಕೆಗೆ ಬರೆಯುವವನಿಗೆ ಊರು ಏನು ಮಾತಾಡುತ್ತಿದೆ ಅಂತ ಗೊತ್ತಿರುತ್ತೆ. ಮೊಪಾಸಾನಿಗೂ ಗೊತ್ತಿತ್ತು.

ಪುಸ್ತಕ ಬಂದ ಮೇಲೆ ಏನು ಮಾಡಿದ ಗೊತ್ತಾ? ಅದೇ ೧೮೮೭ರ ಜುಲೈನಲ್ಲಿ ಒಂದು ದೊಡ್ಡ ಬಲೂನಿಗೆ 'ಹೊರ್ಲಾ' ಅಂತ ಹೆಸರಿಟ್ಟು, ಅದರಲ್ಲಿ ಹತ್ತಿ, ಪ್ಯಾರಿಸ್ಸಿನಿಂದ ರಾತ್ರಿಯೆಲ್ಲ ಹಾರಿ ಬೆಲ್ಜಿಯಂನಲ್ಲಿ ಇಳಿದ! ಪುಸ್ತಕದ ಹೆಸರು ಆಕಾಶದಲ್ಲಿ. ತನ್ನ ಹುಚ್ಚಿಗೆ ಹೆದರಿ ನಡುಗುತ್ತಾ ಡೈರಿ ಬರೆದವನು ಮಾಡುವ ಕೆಲಸವಾ ಇದು? ನನಗಂತೂ ವ್ಯಾಪಾರ ಗೊತ್ತಿದ್ದ ನಾರ್ಮಂಡಿಯವನ ಕೆಲಸ ಅನ್ನಿಸುತ್ತೆ.

ಅದಾದ ಮೇಲೆ ಬರೆದದ್ದೇನು? ೧೮೮೮ರಲ್ಲಿ 'ಪಿಯೆರ್ ಮತ್ತು ಜಾನ್' ಕಾದಂಬರಿ. ಇಬ್ಬರು ಅಣ್ಣತಮ್ಮಂದಿರು. ತಮ್ಮನಿಗೊಬ್ಬನಿಗೇ ಮನೆತನದ ಹಳೆಯ ಸ್ನೇಹಿತನ ಆಸ್ತಿ ಬರುತ್ತೆ. ಯಾಕೆ ಅವನಿಗೊಬ್ಬನಿಗೇ ಅಂತ ಅಣ್ಣ ಯೋಚಿಸತೊಡಗುತ್ತಾನೆ. ಅಷ್ಟೇ. ದೆವ್ವ ಇಲ್ಲ, ಭೂತ ಇಲ್ಲ. ಒಂದು ಅನುಮಾನ ತಾಯಿಯ ಕಡೆಗೆ ಹೆಜ್ಜೆ ಹೆಜ್ಜೆಯಾಗಿ ನಡೆದುಕೊಂಡು ಹೋಗುತ್ತೆ. ಮೊಪಾಸಾ ಬರೆದ ಆರು ಕಾದಂಬರಿಗಳಲ್ಲಿ ಇಷ್ಟು ಬಿಗಿಯಾದ್ದು ಇನ್ನೊಂದಿಲ್ಲ. ಇದು 'ಹೊರ್ಲಾ' ಆದ ಮೇಲಿನದು ಅನ್ನೋದನ್ನ ಕಾಯಿಲೆ ವಾದಿಗಳು ಯಾಕೋ ಹೇಳೋದೇ ಇಲ್ಲ.

ಕಾಯಿಲೆ ನಿಜವಾಗಿ ಮೆದುಳಿಗೇರಿದಾಗ ಎಷ್ಟು ಕತೆ ಬರೆಸಿತು ಅಂತಲೂ ಕೇಳೋಣ. ೧೮೯೧ರಲ್ಲಿ 'ಆಂಜೆಲೂಸ್' ಅನ್ನೋ ಕಾದಂಬರಿ ಕೈಯಲ್ಲಿತ್ತು, ಮುಗಿಸಲು ಆಗಲಿಲ್ಲ. ಡಾಕ್ಟರ್ ಬ್ಲಾಂಶ್ ಆಸ್ಪತ್ರೆಯ ಹದಿನೆಂಟು ತಿಂಗಳಲ್ಲಿ ಒಂದು ಕತೆಯೂ ಇಲ್ಲ. ಸೊನ್ನೆ. ಕಾಯಿಲೆ ಬರೆಸಿದ್ದು ಇಷ್ಟೇ. ಅದು ಅವನ ಕೈಯಿಂದ ಪೆನ್ನು ಕಿತ್ತುಕೊಂಡಿತು. ನಾವೋ, ಪೆನ್ನು ಕೊಟ್ಟಿದ್ದೇ ಅದು ಅಂತ ಸನ್ಮಾನ ಮಾಡ್ತಾ ಇದ್ದೀವಿ.

ಸಿಫಿಲಿಸ್ ಕತೆ ಬರೆಸುವ ಹಾಗಿದ್ದರೆ ಆ ಶತಮಾನದ ಪ್ಯಾರಿಸ್ಸಿನಲ್ಲಿ ಬೀದಿಗೊಬ್ಬ ಮೊಪಾಸಾ ಇರಬೇಕಿತ್ತು. ಅಲ್ಫೋನ್ಸ್ ದೋದೆಗೂ ಅದೇ ಕಾಯಿಲೆ. ಅವನ ಬೆನ್ನುಹುರಿಯನ್ನು ತಿಂದಿತು. ಅವನು ತನ್ನ ನೋವಿನ ಬಗ್ಗೆ ಟಿಪ್ಪಣಿ ಮಾಡಿಟ್ಟ, ಅದೊಂದು ಬೇರೆಯದೇ ಬರಹ. ಒಂದೇ ರೋಗಾಣು, ಎರಡು ಥರದ ವಾಕ್ಯ. ಹಾಗಿದ್ದ ಮೇಲೆ ವಾಕ್ಯ ರೋಗಾಣುವಿನದಲ್ಲ ಅಂತಾಯ್ತಲ್ಲ?

"ಸರಿ ಮಾರಾಯ, ಆ ಭಯ ಎಲ್ಲಿಂದ ಬಂತು?" ಅಂತ ನನ್ನ ಗೆಳೆಯ ಕೇಳಿದ. ಒಳ್ಳೆ ಪ್ರಶ್ನೆ. ಮೊಪಾಸಾ ಅಚ್ಚು ಹಾಕಿಸಿದ ಮೊದಲ ಕತೆ ೧೮೭೫ರದು. ಚರ್ಮ ಸುಲಿದು ಒಣಗಿಸಿದ ಮನುಷ್ಯನ ಕೈಯೊಂದರ ಕತೆ. ಅಂಥ ಕೈಯನ್ನು ಅವನು ಹುಡುಗನಾಗಿದ್ದಾಗಲೇ ನೋಡಿದ್ದ. ಎತ್ರೆತಾ ಊರಿನ ಸಮುದ್ರ ದಂಡೆಯಲ್ಲಿ ಇಂಗ್ಲಿಷ್ ಕವಿ ಸ್ವಿನ್‌ಬರ್ನ್ ತನ್ನ ಸ್ನೇಹಿತನ ಮನೆಯಲ್ಲಿ ಉಳಿದುಕೊಂಡಿದ್ದ, ಆ ಮನೆಯಲ್ಲಿ. ೧೮೮೩ರಲ್ಲಿ ಅದೇ ಕೈಯನ್ನು ಇಟ್ಟುಕೊಂಡು ಮತ್ತೊಂದು ಕತೆ ಬರೆದ. ಕಾಯಿಲೆಯ ಸುದ್ದಿ ಗೊತ್ತಾಗುವ ಮುಂಚೆಯೇ ಭಯ ಅವನ ಕಪಾಟಿನಲ್ಲಿತ್ತು. ಮುಂದೆ ಕಾಯಿಲೆ ಅದಕ್ಕೆ ಒಂದಿಷ್ಟು ಸಾಮಾನು ಒದಗಿಸಿರಬಹುದು. ತಲೆನೋವಿನ ರಾತ್ರಿಗಳು, ಕಣ್ಣು ಮಂಜಾಗುವುದು, ಇವೆಲ್ಲ ಬರಹದಲ್ಲಿ ಸೇರಿರಬಹುದು. ಒಪ್ಪುತ್ತೇನೆ. ಆದರೆ ಸೌದೆ ಒದಗಿಸಿದವನನ್ನು ಅಡುಗೆಯವನು ಅಂತ ಯಾರೂ ಕರೆಯಲ್ಲ.

'ಹೊರ್ಲಾ'ದಲ್ಲಿ ಅವನ ಬದುಕು ಬೇಕೇ ಬೇಕು ಅಂದರೆ ಮೊದಲ ಪುಟ ನೋಡಿ. ದಿನಚರಿ ಶುರುವಾಗೋದು ಮೇ ೮ಕ್ಕೆ. ಹೇಳುವವನ ಮನೆ ಸೇನ್ ನದಿಯ ದಂಡೆಯಲ್ಲಿ, ತೋಟದ ಪಕ್ಕದಲ್ಲೇ ನದಿ ಹರಿಯುತ್ತೆ, ದೂರದಲ್ಲಿ ರೂಆಂ ಪಟ್ಟಣ ಕಾಣುತ್ತೆ. ರೂಆಂ ಹತ್ತಿರ, ಸೇನ್ ದಂಡೆಯಲ್ಲಿ, ಅಂಥದ್ದೇ ಮನೆಯಲ್ಲಿ ಒಬ್ಬ ಮನುಷ್ಯ ಇದ್ದ. ೧೮೮೦ರ ಮೇ ೮ರಂದು ಅವನು ಸತ್ತ. ಅವನ ಹೆಸರು ಗುಸ್ತಾವ್ ಫ್ಲೊಬೇರ್. ಮೊಪಾಸಾನ ಗುರು.

ಇದು ಆಕಸ್ಮಿಕವೇ ಇರಬಹುದು. ಇದನ್ನು ಹಿಡಿದುಕೊಂಡು ನಾನು ಸಿದ್ಧಾಂತ ಕಟ್ಟಲ್ಲ. ಹಾಗೆ ಕಟ್ಟಿದರೆ ನನಗೂ ನನ್ನ ಗೆಳೆಯನಿಗೂ ವ್ಯತ್ಯಾಸ ಏನುಳೀತು? ಆದರೂ ಸಿಫಿಲಿಸ್ ಹುಡುಕುವ ಕಣ್ಣಿಗೆ ಈ ತಾರೀಖು, ಈ ಮನೆ ಕಾಣಿಸೋದೇ ಇಲ್ಲ ನೋಡಿ, ಅದು ನನಗೆ ಬೇಜಾರು. ಮೊಪಾಸಾನನ್ನು ಬರಹಗಾರನನ್ನಾಗಿ ಮಾಡಿದ್ದು ಆ ಮನುಷ್ಯ.

ಮೊಪಾಸಾನ ತಾಯಿ ಲೋರ್, ಫ್ಲೊಬೇರನ ಬಾಲ್ಯದ ಗೆಳೆಯ ಅಲ್ಫ್ರೆಡ್ ಲ ಪ್ವಾತ್ವಾನ ತಂಗಿ. ಗಂಡನಿಂದ ಬೇರೆಯಾಗಿ ಇಬ್ಬರು ಮಕ್ಕಳನ್ನು ಕಟ್ಟಿಕೊಂಡು ಎತ್ರೆತಾದಲ್ಲಿ ಇದ್ದವಳು. ದೊಡ್ಡ ಮಗ ಬರೆಯಬೇಕು ಅಂದಾಗ ಅವನನ್ನು ಫ್ಲೊಬೇರನ ಕೈಗೆ ಒಪ್ಪಿಸಿದಳು. ಆಮೇಲೆ ನಡೆದದ್ದನ್ನು ಮೊಪಾಸಾ 'ಪಿಯೆರ್ ಮತ್ತು ಜಾನ್' ಮುನ್ನುಡಿಯಲ್ಲಿ ತಾನೇ ಹೇಳಿಕೊಂಡಿದ್ದಾನೆ. ಏಳು ವರ್ಷ ಪದ್ಯ ಬರೆದ, ಕತೆ ಬರೆದ, ನಾಟಕವನ್ನೂ ಬರೆದ. ಎಲ್ಲವನ್ನೂ ಫ್ಲೊಬೇರ್ ಓದುತ್ತಿದ್ದ. ಮುಂದಿನ ಭಾನುವಾರ ಊಟಕ್ಕೆ ಕೂತಾಗ ಎಲ್ಲಿ ಕೆಟ್ಟಿದೆ ಅಂತ ಹೇಳುತ್ತಿದ್ದ. ಅಚ್ಚಿಗೆ ಅವಸರ ಮಾಡಬೇಡ ಅನ್ನುತ್ತಿದ್ದ. ಆ ಏಳು ವರ್ಷದ ಬರವಣಿಗೆಯಲ್ಲಿ ಏನೂ ಉಳಿಯಲಿಲ್ಲವಂತೆ.

ಫ್ಲೊಬೇರ್ ಕೊಡುತ್ತಿದ್ದ ಹೋಂವರ್ಕ್ ಕೇಳಿ. ಅಂಗಡಿ ಬಾಗಿಲಲ್ಲಿ ಕೂತ ಒಬ್ಬ ದಿನಸಿ ವ್ಯಾಪಾರಿ, ಪೈಪ್ ಸೇದುತ್ತಿರುವ ಒಬ್ಬ ಕಾವಲಿನವನು. ಇವರನ್ನು ಬೇರೆ ಯಾವ ದಿನಸಿಯವನ ಜೊತೆಗೂ, ಬೇರೆ ಯಾವ ಕಾವಲಿನವನ ಜೊತೆಗೂ ಬೆರೆಸಿಬಿಡದ ಹಾಗೆ ತೋರಿಸು. ಗಾಡಿ ಸ್ಟ್ಯಾಂಡಿನ ಒಂದು ಕುದುರೆ ಹಿಂದೆ ಮುಂದೆ ಇರುವ ಐವತ್ತು ಕುದುರೆಗಳಿಗಿಂತ ಹೇಗೆ ಬೇರೆ ಅಂತ ಒಂದೇ ಮಾತಲ್ಲಿ ಹೇಳು. ಇಷ್ಟೇ ಪಾಠ. ಆದರೆ ಏಳು ವರ್ಷ!

೧೮೮೦ರ ಏಪ್ರಿಲ್‌ನಲ್ಲಿ ಝೋಲಾ ಮತ್ತು ಗೆಳೆಯರ ಜೊತೆ ತಂದ ಸಂಕಲನದಲ್ಲಿ 'ಬೂಲ್ ದ ಸ್ವೀಫ್' ಕತೆ ಬಂತು. ಫ್ಲೊಬೇರ್ ಓದಿ ಮೇರುಕೃತಿ ಅಂದ. ಬೆನ್ನಿಗೇ ಸತ್ತ. ಏಳು ವರ್ಷ ಪಾಠ ಹೇಳಿದವನು ಶಿಷ್ಯನ ಮೊದಲ ಗೆಲುವು ನೋಡಿ ಹೋದ. ಈ ಕತೆಯನ್ನು ಯಾಕೆ ಯಾರೂ ಹೇಳಲ್ಲ? ಹುಚ್ಚಿನ ಕತೆಯಷ್ಟು ರುಚಿ ಇಲ್ಲ ಅಂತಲಾ?

'ಬೂಲ್ ದ ಸ್ವೀಫ್' ಹುಟ್ಟಿದ್ದು ೧೮೭೦ರ ಯುದ್ಧದಲ್ಲಿ. ಪ್ರಷ್ಯದ ಸೈನ್ಯ ಫ್ರಾನ್ಸಿಗೆ ನುಗ್ಗಿದಾಗ ಮೊಪಾಸಾನಿಗೆ ಇಪ್ಪತ್ತು. ಸೈನ್ಯ ಸೇರಿದ. ಸೋತು ಹಿಂದಕ್ಕೆ ಓಡುವ ಸೈನ್ಯದ ಜೊತೆ ತಾನೂ ನಡೆದ. ಆ ಕತೆಯಲ್ಲಿ ರೂಆಂನಿಂದ ತಪ್ಪಿಸಿಕೊಂಡು ಹೋಗುವ ಗಾಡಿಯಲ್ಲಿ ಹತ್ತು ಜನ ಇದ್ದಾರೆ. ಒಬ್ಬಳು ಸೂಳೆ. ಅವಳ ಬುಟ್ಟಿಯ ಊಟ ಎಲ್ಲರೂ ತಿನ್ನುತ್ತಾರೆ. ಪ್ರಷ್ಯದ ಅಧಿಕಾರಿ ಅವಳನ್ನು ಕೇಳಿದಾಗ, ದೇಶ, ಧರ್ಮ, ತ್ಯಾಗ ಅಂತೆಲ್ಲ ಹೇಳಿ ಅವಳನ್ನು ಕಳಿಸಿಕೊಡುತ್ತಾರೆ. ಕೆಲಸ ಆದ ಮೇಲೆ ಒಬ್ಬರೂ ಅವಳಿಗೆ ಒಂದು ತುತ್ತು ಕೊಡಲ್ಲ. 'ಇಬ್ಬರು ಗೆಳೆಯರು' ಕತೆಯಲ್ಲಿ ಮುತ್ತಿಗೆಗೆ ಸಿಕ್ಕ ಪ್ಯಾರಿಸ್ಸಿನಿಂದ ಇಬ್ಬರು ಮೀನು ಹಿಡಿಯಲು ಹೋಗಿ ಗುಂಡಿಗೆ ಬಲಿಯಾಗುತ್ತಾರೆ. ಅವರು ಹಿಡಿದ ಮೀನನ್ನು ಅಧಿಕಾರಿ ಹುರಿಸಿಕೊಂಡು ತಿನ್ನುತ್ತಾನೆ. ಇಂಥದ್ದನ್ನು ಬರೆಯೋಕೆ ಇಪ್ಪತ್ತನೇ ವಯಸ್ಸಿನಲ್ಲಿ ಸೋಲನ್ನು ಹತ್ತಿರದಿಂದ ನೋಡಿದ್ದರೆ ಸಾಕು. ರೋಗ ಬೇಕಾಗಿಲ್ಲ.

ಯುದ್ಧ ಮುಗಿದ ಮೇಲೆ ಗುಮಾಸ್ತೆ ಕೆಲಸ. ಇದು ನನಗೆ ಬಹಳ ಹತ್ತಿರದ ಭಾಗ, ಯಾಕೆ ಅಂತ ನನ್ನಂತೆ ಕುರ್ಚಿಗೆ ಅಂಟಿಕೊಂಡವರಿಗೆ ಹೇಳಬೇಕಾಗಿಲ್ಲ. ೧೮೭೨ರಿಂದ ನೌಕಾಪಡೆಯ ಸಚಿವಾಲಯದಲ್ಲಿ, ೧೮೭೮ರ ಕೊನೆಯಿಂದ ಫ್ಲೊಬೇರನ ಶಿಫಾರಸಿನಿಂದ ಶಿಕ್ಷಣ ಸಚಿವಾಲಯದಲ್ಲಿ. ವಾರವೆಲ್ಲ ಕಡತ, ಭಾನುವಾರ ಸೇನ್ ನದಿಯಲ್ಲಿ ದೋಣಿ. ಆ ಎಂಟು ವರ್ಷ ಅವನ ಕತೆಗಳಲ್ಲಿ ಎಲ್ಲೆಲ್ಲಿದೆ ಗೊತ್ತಾ? 'ಆನ್ ಫಾಮೀಯ್' ಕತೆಯ ಕಾರವಾಂ ನೌಕಾ ಸಚಿವಾಲಯದ ಗುಮಾಸ್ತ. 'ಆಸ್ತಿ' ಕತೆಯವರೆಲ್ಲ ಅದೇ ಕಚೇರಿಯವರು. ಬಡ್ತಿ ಯಾರಿಗೆ ಸಿಕ್ಕಿತು, ಬೋನಸ್ ಎಷ್ಟು, ಮೇಲಿನವನು ಯಾರ ಕಡೆ ನೋಡಿ ನಕ್ಕ. ಇವತ್ತಿನ ಅಪ್ರೈಸಲ್ ಸೀಸನ್ನಿನಲ್ಲಿ ಓದಿದರೆ ಬೆನ್ನು ತಣ್ಣಗಾಗುತ್ತೆ!

ಈಗ 'ನೆಕ್ಲೇಸ್'ಗೆ ಬನ್ನಿ. ೧೮೮೪ರ ಫೆಬ್ರವರಿಯಲ್ಲಿ 'ಲ ಗೋಲ್ವಾ' ಪತ್ರಿಕೆಯಲ್ಲಿ ಬಂದದ್ದು. ನಾವೆಲ್ಲ ಇದನ್ನು "ದುರಾಸೆ ಕೆಟ್ಟದ್ದು" ಅನ್ನೋ ನೀತಿ ಪಾಠ ಮಾಡಿ ಓದಿದ್ದೀವಿ. ಇನ್ನೊಂದು ಸಲ ಲೆಕ್ಕದ ಪುಸ್ತಕ ಓದಿದ ಹಾಗೆ ಓದಿ ನೋಡಿ. ಗಂಡ ಲ್ವಾಜೆಲ್ ಶಿಕ್ಷಣ ಸಚಿವಾಲಯದ ಗುಮಾಸ್ತ. ಮೊಪಾಸಾ ಕೂತಿದ್ದ ಕಚೇರಿಯೇ ಅದು! ಭಾನುವಾರ ಗೆಳೆಯರ ಜೊತೆ ಹಕ್ಕಿ ಬೇಟೆಗೆ ಹೋಗಲು ಬಂದೂಕು ಕೊಳ್ಳಬೇಕು ಅಂತ ಅವನು ೪೦೦ ಫ್ರಾಂಕ್ ಕೂಡಿಟ್ಟಿದ್ದಾನೆ. ಹೆಂಡತಿ ಮಥಿಲ್ಡ್ ಬಟ್ಟೆಗೆ ಎಷ್ಟು ಬೇಕು ಅಂತ ಒಳಗೊಳಗೇ ಲೆಕ್ಕ ಹಾಕಿ ಕೇಳೋದೂ ಸರಿಯಾಗಿ ೪೦೦. ಬಂದೂಕು ಹೋಯ್ತು. ಕಳೆದುಹೋದ ಹಾರದ ಬದಲಿಗೆ ೩೬,೦೦೦ ಫ್ರಾಂಕ್‌ನ ಹಾರ. ಅದರಲ್ಲಿ ಅಪ್ಪ ಬಿಟ್ಟುಹೋದದ್ದು ೧೮,೦೦೦, ಉಳಿದದ್ದು ಸಾಲ. ಹತ್ತು ವರ್ಷ ತೀರಿಸಿದರು. ಬಡ್ಡಿ ಬಿಟ್ಟು ಬರೀ ಅಸಲೇ ತಿಂಗಳಿಗೆ ೧೫೦ ಫ್ರಾಂಕ್ ಆಗುತ್ತೆ. ಕೊನೆಗೆ ಗೊತ್ತಾಗೋದು, ಕಳೆದುಹೋದದ್ದು ನಕಲಿ, ಹೆಚ್ಚೆಂದರೆ ೫೦೦ ಫ್ರಾಂಕ್‌ನದ್ದು.

೪೦೦ರ ಬಟ್ಟೆ, ೫೦೦ರ ಹಾರ. ಆ ರಾತ್ರಿ ಅವಳ ಮೈಮೇಲಿದ್ದ ಬಟ್ಟೆಗೂ ಕತ್ತಿನಲ್ಲಿದ್ದ ಹಾರಕ್ಕೂ ಬೆಲೆಯಲ್ಲಿ ಇದ್ದ ಅಂತರ ನೂರು ಫ್ರಾಂಕ್ ಅಷ್ಟೇ! ಇದನ್ನು ಎಷ್ಟೋ ಸಲ ಓದಿದ ಮೇಲೆ ನನಗೆ ಹೊಳೆದದ್ದು. ತಿಂಗಳ ಸಂಬಳದಲ್ಲಿ ಬದುಕಿ, ಒಂದೊಂದು ಖರ್ಚಿಗೂ ಇನ್ನೊಂದನ್ನು ಬಿಟ್ಟುಕೊಟ್ಟು ಗೊತ್ತಿದ್ದವನು ಮಾತ್ರ ಬರೆಯಬಹುದಾದ ಕತೆ ಇದು. ಜ್ವರದ ಕನಸಿನಲ್ಲಿ ಇಂಥ ಲೆಕ್ಕ ಬರಲ್ಲ.

ಇನ್ನು ಪತ್ರಿಕೆ. ೧೮೮೦ರಿಂದ ಹತ್ತು ಹನ್ನೊಂದು ವರ್ಷಗಳಲ್ಲಿ ಸುಮಾರು ಮುನ್ನೂರು ಕತೆ ಬರೆದ. ಹೆಚ್ಚಿನವು ಪತ್ರಿಕೆಗಳಿಗೆ, ಕೆಲವೇ ಕಾಲಂಗಳ ಜಾಗಕ್ಕೆ. ಇಷ್ಟು ಜಾಗ, ಇಂಥ ದಿನ. ಅವನ ಕತೆಗಳು ಚಿಕ್ಕದಾಗಿ, ಬಿಗಿಯಾಗಿ, ಕೊನೆಯಲ್ಲಿ ಚಟ್ ಅಂತ ಮುಗಿಯೋದು ಯಾಕೆ ಅಂದರೆ ಕಾಲಂ ಅಲ್ಲಿಗೆ ಮುಗಿಯುತ್ತಿತ್ತು! ತಡವಾದಾಗ ಹಳೆಯ ಕತೆಯ ಪ್ಯಾರಾವನ್ನು ಹೊಸದರಲ್ಲಿ ತುರುಕಿದ್ದೂ ಇದೆ. ಇದೆಲ್ಲ ದುಡಿಮೆಗಾರನ ಗುರುತು. ಕತೆ ಅವನಿಗೆ ಹೊಟ್ಟೆಪಾಡು ಕೂಡ ಆಗಿತ್ತು.

"ನೀನೂ ಬದುಕಿನಿಂದಲೇ ಬರಹ ವಿವರಿಸ್ತಾ ಇದ್ದೀಯ, ನಾನೂ ಅದನ್ನೇ ಮಾಡಿದೆ" ಅಂತ ಗೆಳೆಯ ಕೊನೆಗೆ ಹಿಡಿದ. ಹೌದು, ಸರಿಯಾದ ಜಾಗಕ್ಕೇ ಕೈ ಹಾಕಿದ. ವ್ಯತ್ಯಾಸ ಇಷ್ಟೇ. ಯುದ್ಧ, ಕಚೇರಿ, ನಾರ್ಮಂಡಿಯ ಸಂತೆ, ಇವೆಲ್ಲ ಅವನು ನೋಡಿದ್ದು. ಫ್ಲೊಬೇರ್ ಕಲಿಸಿದ್ದು, ಪತ್ರಿಕೆ ಮಾಡಿಸಿದ್ದು, ಇವೆಲ್ಲ ಅವನು ದುಡಿದದ್ದು. ಕಾಯಿಲೆ ಅವನಿಗೆ ಆದದ್ದು. ನೋಡಿದ್ದನ್ನೂ ದುಡಿದದ್ದನ್ನೂ ಬಿಟ್ಟು, ಆದದ್ದನ್ನು ಮಾತ್ರ ಹಿಡಿದುಕೊಂಡರೆ ಬರಹಗಾರ ಮಾಯವಾಗಿ ರೋಗಿ ಮಾತ್ರ ಉಳಿಯುತ್ತಾನೆ. 'ಹೊರ್ಲಾ'ದ ಕನ್ನಡಿ ಥರ. ನೋಡುವವರ ನಡುವೆ ಏನೋ ಅಡ್ಡ ನಿಂತಿದೆ, ಮನುಷ್ಯನ ಬಿಂಬವೇ ಕಾಣ್ತಿಲ್ಲ.

ಈ ಚಟ ಎಷ್ಟು ಅಪಾಯದ್ದು ಅನ್ನೋದಕ್ಕೆ ಒಂದು ತಮಾಷೆಯ ಉದಾಹರಣೆ. ೧೯೦೩ರಲ್ಲಿ ಅಮೆರಿಕದಲ್ಲಿ ಮೊಪಾಸಾನ ಸಮಗ್ರ ಕೃತಿಗಳು ಅಂತ ಇಂಗ್ಲಿಷಿನಲ್ಲಿ ಸಂಪುಟಗಳು ಬಂದವು. ಅವುಗಳಲ್ಲಿ ಅರವತ್ತೈದು ಕತೆಗಳು ಮೊಪಾಸಾನವೇ ಅಲ್ಲ! ಇದನ್ನು ಫ್ರಾನ್ಸಿಸ್ ಸ್ಟೀಗ್‌ಮುಲ್ಲರ್ ೧೯೪೯ರ ತನ್ನ ಪುಸ್ತಕದಲ್ಲಿ ಪಟ್ಟಿ ಮಾಡಿ ತೋರಿಸಿದ. ಅಲ್ಲಿಯವರೆಗೆ, ಆಮೇಲೂ, ಅವನ್ನು ಮೊಪಾಸಾನದೇ ಅಂತ ಅಚ್ಚು ಹಾಕುತ್ತಾ ಬಂದರು. ಇಂಗ್ಲಿಷಿನಲ್ಲೇ ಅವನನ್ನು ಓದಿದ ನಮ್ಮ ಕಡೆಯವರ ಕೈಗೂ ಅವು ಬಂದಿರಬಹುದು. ಅವನು ಬರೆಯದ ಕತೆ ಓದಿಕೊಂಡು ಅವನ ಮನಸ್ಸಿನ ರೋಗ ಪತ್ತೆ ಮಾಡಿದ ಮಹಾನುಭಾವರು ಎಷ್ಟು ಜನ ಇದ್ದಾರೋ!

ಬದುಕಿದ್ದಾಗ ಮೊಪಾಸಾ ಈ ವಿಷಯದಲ್ಲಿ ಬಹಳ ಖಡಕ್. ತನ್ನ ಪುಸ್ತಕ ಓದುಗರದು, ತನ್ನ ಖಾಸಗಿ ಬದುಕು ತನ್ನದು ಅನ್ನುವ ಹಟ. ೧೮೯೦ರಲ್ಲಿ ತನ್ನ ಚಿತ್ರವನ್ನು ಪುಸ್ತಕದಲ್ಲಿ ಅಚ್ಚು ಹಾಕಿದ್ದಕ್ಕೆ ಪ್ರಕಾಶಕರ ಮೇಲೆ ಜಗಳ ತೆಗೆದಿದ್ದ. ಅಂಥವನ ಜ್ವರದ ಚಾರ್ಟನ್ನು ನಾವು ಕತೆಯ ಮೊದಲ ಪುಟಕ್ಕೇ ಅಂಟಿಸಿದ್ದೀವಿ.

ಇಷ್ಟೊಂದು ಕೋಪ ಯಾಕೆ ಅಂತ ನೀವು ಕೇಳಬಹುದು. ಹೇಳುತ್ತೇನೆ.

ನಮ್ಮ ದೊಡ್ಡಪ್ಪ ಹಳ್ಳಿಯಲ್ಲಿ ಮೇಷ್ಟ್ರಾಗಿದ್ದರು. ಮೂವತ್ತು ವರ್ಷಕ್ಕೂ ಹೆಚ್ಚು. ನನಗೆ ಮಗ್ಗಿ ಬಂದದ್ದು, ಅಲ್ಪಪ್ರಾಣ ಮಹಾಪ್ರಾಣ ಗೊತ್ತಾದದ್ದು ಅವರಿಂದ. ಒಂದು ಸಲ ಶಾಲೆಯ ಸೂರಿಗೆ ಅಂತ ಬಂದ ಮರದ ಲೆಕ್ಕ ಸರಿಯಿಲ್ಲ ಅಂತ ಸಹಿ ಹಾಕದೆ ಕೂತರು. ಊರಿನ ದೊಡ್ಡವರೆಲ್ಲ ಬಂದು ಹೇಳಿದರೂ ಹಾಕಲಿಲ್ಲ. ಕೊನೆಯ ಎರಡು ವರ್ಷ ಅವರ ತಲೆ ಕೆಟ್ಟಿತು. ಜನರ ಗುರುತು ಸಿಗುತ್ತಿರಲಿಲ್ಲ, ರಾತ್ರಿ ಎದ್ದು ಶಾಲೆ ಬಾಗಿಲು ತೆಗೆಯೋಕೆ ಹೊರಡುತ್ತಿದ್ದರು. ದೊಡ್ಡಮ್ಮ ಬಾಗಿಲಿಗೆ ಅಡ್ಡ ಮಲಗುತ್ತಿದ್ದರು.

ಅವರ ವೈಕುಂಠದ ದಿನ ಊಟದ ಪಂಕ್ತಿಯಲ್ಲಿ ನನ್ನ ಪಕ್ಕ ಕೂತವರೊಬ್ಬರು ಸಲೀಸಾಗಿ ಅಂದರು, "ಮೇಷ್ಟ್ರು ಆವಾಗ್ಲಿಂದ್ಲೂ ಸ್ವಲ್ಪ ಹಂಗೇ ಬಿಡಿ. ಆ ಮರದ ವಿಷ್ಯದಲ್ಲಿ ಎಷ್ಟು ಹಟ ಮಾಡಿದ್ರು, ನೆನಪಿಲ್ವಾ?" ಸುತ್ತಲಿದ್ದವರು ತಲೆಯಾಡಿಸಿದರು.

ಎರಡು ವರ್ಷದ ಕಾಯಿಲೆ ಹಿಂದಕ್ಕೆ ನಡೆದುಕೊಂಡು ಹೋಗಿ ಮೂವತ್ತು ವರ್ಷದ ನೆಟ್ಟಗಿನ ಮನುಷ್ಯನನ್ನು ತಿಂದುಹಾಕಿತು. ಅವರ ಒಂದೇ ಒಂದು ಧೈರ್ಯದ ಕೆಲಸ ಅಲ್ಲಿಗೆ ರೋಗದ ಲಕ್ಷಣವಾಯ್ತು. ಆ ಮರ ತಿಂದವರಿಗೆ ಎಷ್ಟು ಅನುಕೂಲ ನೋಡಿ! ನಾನು ಏನೂ ಮಾತಾಡಲಿಲ್ಲ. ಎಲೆ ಮುಂದೆ ಕೂತು ಸುಮ್ಮನೆ ಅನ್ನ ಕಲೆಸಿದೆ. ಅದು ಇವತ್ತಿಗೂ ಚುಚ್ಚುತ್ತೆ. ಬಹುಶಃ ಅವತ್ತು ಆಡದ ಮಾತನ್ನು ಇವತ್ತು ಮೊಪಾಸಾನ ಹೆಸರಿನಲ್ಲಿ ಆಡುತ್ತಿದ್ದೇನೆ.

ಮೊಪಾಸಾ ಇದನ್ನೂ ಬರೆದಿಟ್ಟಿದ್ದಾನೆ, ಅದೇ ಆಶ್ಚರ್ಯ. ೧೮೮೩ರ 'ದಾರದ ತುಂಡು' ಕತೆ. ಗೋದರ್‌ವಿಲ್ ಸಂತೆಗೆ ಬಂದ ಮುದುಕ ಓಶ್‌ಕೋರ್ನ್ ದಾರಿಯಲ್ಲಿ ಬಿದ್ದಿದ್ದ ದಾರದ ತುಂಡೊಂದನ್ನು ಬಗ್ಗಿ ಎತ್ತಿಕೊಳ್ಳುತ್ತಾನೆ. ಅವನ ಮೇಲೆ ಹಗೆ ಇದ್ದ ಒಬ್ಬ ಅದನ್ನು ನೋಡುತ್ತಾನೆ. ಅದೇ ದಿನ ೫೦೦ ಫ್ರಾಂಕ್ ಇದ್ದ ಚೀಲವೊಂದು ಕಳೆದುಹೋಗಿದೆ. ಕದ್ದವನು ಇವನೇ ಅಂತಾಯ್ತು. ಮುಂದೆ ಚೀಲ ಸಿಗುತ್ತೆ, ಬೇರೆ ಯಾರೋ ತಂದು ಕೊಡುತ್ತಾರೆ. ಆದರೂ ಊರು ನಂಬಲ್ಲ. ಜೊತೆಗಾರನ ಕೈಲಿ ಕೊಡಿಸಿದ್ದಾನೆ ಅನ್ನುತ್ತೆ. ಮುದುಕ ಹೇಳಿದ್ದನ್ನೇ ಹೇಳುತ್ತಾ, ಹೇಳಿದಷ್ಟೂ ಹೆಚ್ಚು ಸುಳ್ಳನಾಗಿ ಕಾಣುತ್ತಾ, ಕೊರಗಿ ಸಾಯುತ್ತಾನೆ. ಸಾಯುವಾಗಲೂ ಅದೇ ದಾರದ ಮಾತು.

ಊರು ಒಂದು ಸಲ ತೀರ್ಮಾನ ಮಾಡಿದ ಮೇಲೆ ಸಾಕ್ಷಿಗೆ ಬೆಲೆ ಇಲ್ಲ. ನಾರ್ಮಂಡಿಯ ರೈತರ ನಡುವೆ ಬೆಳೆದ ಹುಡುಗ ಅದನ್ನು ಕಂಡಿದ್ದ, ಬರೆದ. ಅವನ ವಿಷಯದಲ್ಲೂ ಊರು ಹಾಗೇ ಮಾಡಿತು. ಅವನ ಕೈಯಲ್ಲಿ ಇದ್ದದ್ದು ಬರೀ ದಾರ. ಬಗ್ಗಿ, ಹೆಕ್ಕಿ, ಸುತ್ತಿಟ್ಟುಕೊಂಡು ಮುನ್ನೂರು ಕತೆ ಹೆಣೆದ ದಾರ. ನಾವು ಚೀಲ ಹುಡುಕುತ್ತಿದ್ದೀವಿ.

ಕೊನೆಗೊಂದು ಮಾತು, ಬರೆಯುವ ಗೆಳೆಯರಿಗೆ. ಹುಚ್ಚಿನಿಂದ ಪ್ರತಿಭೆ ಬರುತ್ತೆ ಅನ್ನೋ ಕತೆ ನಮಗೆ ಯಾಕಿಷ್ಟು ಇಷ್ಟ ಅಂತ ಯೋಚಿಸಿದ್ದೇನೆ. ಅದು ನಮಗೆ ರಜಾ ಕೊಡುತ್ತೆ. ಅವನಿಗೆ ರೋಗ ಇತ್ತು, ಬರೆದ. ನಮಗಿಲ್ಲ, ನಾವು ಬರೆಯಲ್ಲ. ಮುಗೀತು. ಬದಲಿಗೆ, ಅವನು ಕಚೇರಿ ಮುಗಿಸಿ ಬಂದು ಏಳು ವರ್ಷ ಬರೆದು ಹರಿದು ಹಾಕಿದ ಅಂತ ಒಪ್ಪಿಕೊಂಡರೆ ನಾವು ಉತ್ತರ ಕೊಡಬೇಕಾಗುತ್ತೆ. ನಾನೂ ಕೊಡಬೇಕು. ನನ್ನ ಡ್ರಾಫ್ಟ್ ಫೋಲ್ಡರಿನಲ್ಲಿ ನಾಲ್ಕು ಕತೆ ಅರ್ಧಕ್ಕೆ ನಿಂತಿವೆ. ಒಂದನ್ನೂ ಎರಡನೇ ಸಲ ಬರೆದಿಲ್ಲ.

ಆದ್ದರಿಂದ ಮುಂದಿನ ಸಲ ಯಾರಾದರೂ "ಹುಚ್ಚು ಹಿಡಿದು ಸತ್ತನಲ್ಲ, ಅವನಾ?" ಅಂದರೆ ಹೀಗೆ ಹೇಳಿ: ಹೌದು, ಸತ್ತಿದ್ದು ಹಾಗೆ. ಆದರೆ ಬರೆದದ್ದು ಹಾಗಲ್ಲ.

ಜಗಳ ಮುಂದುವರಿಸುವವರಿಗೆ ಸ್ವಾಗತ. ಗೆಳೆಯ ಇದನ್ನು ಓದಿ ಫೋನ್ ಮಾಡೇ ಮಾಡ್ತಾನೆ, ಗೊತ್ತು. ಈ ಸಲ ಕಾಫಿ ಆರೋಕೆ ಬಿಡಲ್ಲ.